ಒಂದು ಕಾದಂಬರಿ, ಮೂರು ದಾರಿ: ಪ್ರಕಾಶಕರು, ಪ್ಯಾಕೇಜ್, ಸ್ವಂತ ಅಚ್ಚು

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಂತ ಅಚ್ಚಿನ ಪಕ್ಷ. ಅದೂ ಇಪ್ಪತ್ತು ಸಾವಿರ ಕಳೆದುಕೊಂಡ ಮೇಲೆ ಸೇರಿದ ಪಕ್ಷ. ತಕ್ಕಡಿ ಒಂದು ಕಡೆ ವಾಲಿದ್ದರೆ ಕ್ಷಮಿಸಿ.

ಕಾದಂಬರಿ 1348ರ ಸಿಯೆನಾದ್ದು. ಆಫೀಸಿನ ಕೆಲಸಕ್ಕೆ ಇಟಲಿಗೆ ಹೋಗಿದ್ದಾಗ ಒಂದು ಭಾನುವಾರ ಆ ಊರು ನೋಡಿದೆ. ದೊಡ್ಡ ಚರ್ಚಿನ ಪಕ್ಕದಲ್ಲಿ ಒಂದು ಎತ್ತರದ ಗೋಡೆ ನಿಂತಿದೆ. ಮುಂಭಾಗದ ಗೋಡೆ ಇದೆ, ಹಿಂದೆ ಇರಬೇಕಾದ ಚರ್ಚಿಲ್ಲ. 1339ರಲ್ಲಿ ಊರಿನವರು ಇದ್ದ ಚರ್ಚನ್ನೇ ಶಿಲುಬೆಯಾಕಾರದ ಕಟ್ಟಡದ ಅಡ್ಡ ತೋಳು ಮಾಡಿಕೊಂಡು ಅದಕ್ಕಿಂತ ಭಾರಿಯದೊಂದನ್ನು ಕಟ್ಟಲು ಹೊರಟಿದ್ದರು. 1348ರ ಮೇ ತಿಂಗಳಲ್ಲಿ ಮಾರಿ, ಅಂದರೆ ಪ್ಲೇಗ್, ಬಂತು. ಕೆಲಸ ನಿಂತಿತು, ಮತ್ತೆ ಮುಗಿಯಲೇ ಇಲ್ಲ. ಅದೇ ಊರಿನ ಅಗ್ನೋಲೊ ದಿ ತೂರಾ ಎಂಬಾತ ತನ್ನ ಐದು ಮಕ್ಕಳನ್ನು ಕೈಯಾರೆ ಹೂಳಿದ್ದನ್ನು ಬರೆದಿಟ್ಟಿದ್ದಾನೆ. ನನ್ನ ನಾಯಕ ಆ ಗೋಡೆ ಕಟ್ಟುತ್ತಿದ್ದ ಒಬ್ಬ ಕಲ್ಲುಕುಟಿಗ. ಬರೆಯಲು ನಾಲ್ಕು ವರ್ಷ ಹಿಡಿಯಿತು, ಅಚ್ಚಾಗಲು ಮೂರು.

ಮೊದಲು ಪ್ರಕಾಶಕರ ಬಾಗಿಲು ತಟ್ಟಿದೆ. ನಾಲ್ಕು ಕಡೆ ಕಳಿಸಿದೆ, ಮೂರು ಕಡೆಯಿಂದ ಸದ್ದೇ ಇಲ್ಲ. ಹನ್ನೊಂದು ತಿಂಗಳ ಮೇಲೆ ನಾಲ್ಕನೆಯವರು ಕರೆದರು. ಹಿರಿಯರು. ಕಾಫಿ ಕೊಟ್ಟರು. ಹಸ್ತಪ್ರತಿಯನ್ನು ನಿಜವಾಗಿ ಓದಿದ್ದರು ಅನ್ನೋದೇ ನನಗೆ ದೊಡ್ಡದು. "ಚೆನ್ನಾಗಿದೆ. ಆದ್ರೆ ಇಟಲಿ ಯಾಕೆ ಸ್ವಾಮಿ? 1898ರಲ್ಲಿ ನಮ್ಮ ಬೆಂಗಳೂರಿಗೇ ಪ್ಲೇಗ್ ಬಂದಿತ್ತಲ್ಲ. ಆಗ ಬೆಳೆದ ಮಲ್ಲೇಶ್ವರ, ಬಸವನಗುಡಿ, ಪ್ಲೇಗಮ್ಮನ ಗುಡಿ, ಎಲ್ಲಾ ಇದೆ. ಅದನ್ನ ಬರೀರಿ, ನಾಳೆಯೇ ಅಚ್ಚು ಹಾಕಿಸ್ತೀನಿ" ಅಂದರು.

ಮಾತು ತಪ್ಪಲ್ಲ. ಆದರೆ ಅದು ಬೇರೆಯದೇ ಕಾದಂಬರಿ. ಬೆಂಗಳೂರಿಗೆ ಪ್ಲೇಗ್ ರೈಲಿನಲ್ಲಿ ಬಂದಾಗ ಅದರ ಬ್ಯಾಕ್ಟೀರಿಯ ಸಿಕ್ಕಿ ನಾಲ್ಕು ವರ್ಷವಾಗಿತ್ತು. ನನ್ನ ಕಲ್ಲುಕುಟಿಗನಿಗೆ ತಾನು ಯಾವುದರಿಂದ ಸಾಯುತ್ತಿದ್ದೇನೆ ಅನ್ನೋದೇ ಗೊತ್ತಿಲ್ಲ. ನನಗೆ ಬೇಕಿದ್ದದ್ದು ಆ ಭಯ. ಅವನ ಕಾಲಕ್ಕೆ ಇಲ್ಲಿ ವಿಜಯನಗರ ಹುಟ್ಟಿಯೇ ಇನ್ನೂ ಹನ್ನೆರಡು ವರ್ಷ ಅಂತ ಹೇಳಿ ನೋಡಿದೆ. ಹಿರಿಯರು ನಕ್ಕು ಇನ್ನೊಂದು ಕಾಫಿ ತರಿಸಿದರು, ಅಷ್ಟೇ.

ಈ ದಾರಿಯ ಲಾಭಗಳು ದೊಡ್ಡವು, ಸುಳ್ಳು ಹೇಳಬಾರದು. ನಮ್ಮ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ. ಗ್ರಂಥಾಲಯದ ಸಗಟು ಖರೀದಿಯ ಅರ್ಜಿ, ಅಂಗಡಿಗಳ ಲೆಕ್ಕ ಎಲ್ಲ ಅವರ ತಲೆನೋವು. ಕರಡು ತಿದ್ದುವ ಅನುಭವಿಗಳು ಅವರ ಹತ್ತಿರ ಇರುತ್ತಾರೆ. ತಾಳ್ಮೆ ಇದ್ದವರು ಇಲ್ಲೇ ಕಾಯಿರಿ.

ನನಗೆ ಇರಲಿಲ್ಲ. ಹಾಗಾಗಿ ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡುವ ಒಂದು ಕಂಪನಿಯ ಪ್ಯಾಕೇಜ್‌ಗೆ ಬಿದ್ದೆ. ಮೂವತ್ತೆಂಟು ಸಾವಿರಕ್ಕೆ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ), ಮುಖಪುಟ, ಐವತ್ತು ಪ್ರತಿ, ಆನ್‌ಲೈನ್ ಮಾರಾಟ. ಇಪ್ಪತ್ತು ಸಾವಿರ ಮುಂಗಡ. ಫೋನಿನಲ್ಲಿ ಮಾತಾಡಿದ ಹುಡುಗ ನನ್ನನ್ನು ಮೂರು ಸಲ "ಆಥರ್ ಸರ್" ಅಂದ. ಅಲ್ಲೇ ಅನುಮಾನ ಬರಬೇಕಿತ್ತು.

ಮುಖಪುಟದ ಮೇಲೆ ಹಕ್ಕಿಕೊಕ್ಕಿನ ಮುಖವಾಡ ಹಾಕಿದ ವೈದ್ಯ ಬಂದ. ಆ ಮುಖವಾಡ 17ನೇ ಶತಮಾನದ್ದು. ನನ್ನ ಕಥೆಗಿಂತ ಸುಮಾರು ಮುನ್ನೂರು ವರ್ಷ ಆಮೇಲೆ. ಇರಲಿ, ಅದು ಒಂದು ಚಿತ್ರ, ಬದಲಾಯಿಸಬಹುದು.

ನಿಜವಾದ ಕಾಟ ಒಳಗಿತ್ತು. ನಾನು ಟೈಪ್ ಮಾಡಿದ್ದು ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ. ಅವರು ಅದನ್ನು ತನ್ನದೇ ಬೇರೆ ಸಂಕೇತವಿರುವ ಹಳೇ ನುಡಿ ಫಾಂಟಿಗೆ ಪರಿವರ್ತಿಸಿ ಹಳೇ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದರು. ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. "ಪ್ಲೇಗ್" ಮುಂದೆ "ನಿಂದ" ಬಂದಾಗ ಎರಡೂ ಅಂಟಿಕೊಳ್ಳದ ಹಾಗೆ ತಡೆಯುವುದು ಅದೇ. ಅವರ ಪರಿವರ್ತನೆಯಲ್ಲಿ ಆ ಗುರುತು ಹಾರಿಹೋಯಿತು. "ಪ್ಲೇಗ್‌ನಿಂದ" ಅನ್ನೋದು "ಪ್ಲೇಗ್ನಿಂದ" ಆಯಿತು. ಅಗ್ನಿಯ ತಮ್ಮನೋ ಏನೋ ಅನ್ನೋ ಹಾಗೆ. ಪ್ಲೇಗ್ ಮೇಲೆಯೇ ಬರೆದ ಕಾದಂಬರಿಯಲ್ಲಿ ಆ ಪದ ಎಷ್ಟು ಸಲ ಬರುತ್ತದೆ, ನೀವೇ ಯೋಚಿಸಿ.

ಅದೊಂದೇ ಅಲ್ಲ. ಅವಿನ್ಯೋನ್ ಊರಿನಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟ್ ವೈದ್ಯರ ಮಾತು ಕೇಳಿ ಎರಡು ದೊಡ್ಡ ಬೆಂಕಿಗಳ ನಡುವೆ ಕೂತು ಬದುಕಿಕೊಂಡ. ಆ ಅಧ್ಯಾಯದಲ್ಲಿ "ಪೋಪ್‌ಗೆ" ಅನ್ನೋದೆಲ್ಲ "ಪೋಪ್ಗೆ". "ಬಿಷಪ್‌ರ" ಅನ್ನೋದು "ಬಿಷಪ್ರ". ಕೆಂಪು ಪೆನ್ನು ಹಿಡಿದು ಕೂತಾಗ ಒಂದು ವಿಷಯ ಹೊಳೆಯಿತು. ನಮ್ಮ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಅವಕ್ಕೆ ಈ ರೋಗ ತಗಲುವುದಿಲ್ಲ. ಇಟಲಿಯವರ ಹೆಸರುಗಳೂ ಹಾಗೇ. ಸಿಯೆನಾ, ಪೀಸಾ, ಅಗ್ನೋಲೊ ಎಲ್ಲರೂ ಬಚಾವ್. ಸತ್ತದ್ದು ನಾನು ಇಂಗ್ಲಿಷಿನಿಂದ ತಂದುಕೊಂಡ ಪದಗಳು ಮಾತ್ರ.

412 ಕಡೆ ಗುರುತು ಮಾಡಿ ಕಳಿಸಿದೆ. ಅರ್ಧ ಸರಿಯಾಗಿ ವಾಪಸ್ ಬಂತು, ಹೊಸದಾಗಿ ಎಂಬತ್ತು ತಪ್ಪು ಸೇರಿತ್ತು. "ಎರಡು ಕರೆಕ್ಷನ್ ಮಾತ್ರ ಫ್ರೀ ಸರ್, ಮೂರನೆಯದಕ್ಕೆ ಪುಟಕ್ಕೆ ಹತ್ತು ರೂಪಾಯಿ." ತಪ್ಪು ಯಾರದು ಅಂತ ಕೇಳಿದೆ. "ನಿಮ್ಮ ಫೈಲ್‌ನದು ಸರ್." ಅಲ್ಲಿಗೆ ನಮಸ್ಕಾರ ಹಾಕಿದೆ. ಮುಂಗಡ ಹೋಯಿತು.

ಆಮೇಲೆ ಮನೆಯಲ್ಲಿ ಕೂತು ಕಥೆಯೊಳಗಿನ "ಪ್ಲೇಗ್" ಎಲ್ಲ ತೆಗೆದು "ಮಾರಿ", "ಸಾವು" ಅಂತ ಮಾಡಿದೆ. ಸಿಟ್ಟಿನಲ್ಲಿ ಮಾಡಿದ ಕೆಲಸ. ಆದರೆ ಅಗ್ನೋಲೊ ಕೂಡ ಸಿಯೆನಾದಲ್ಲಿ ಸಾವು ಮೇ ತಿಂಗಳಲ್ಲಿ ಶುರುವಾಯಿತು ಅಂತಲೇ ಬರೆದದ್ದು. ನನ್ನ ಪಾತ್ರಗಳ ಬಾಯಿಗೆ ಆ ಮಾತೇ ಹೊಂದಿತು. ಈಗ "ಪ್ಲೇಗ್" ಇರುವುದು ಮುನ್ನುಡಿಯಲ್ಲಿ ಮಾತ್ರ.

ಕೊನೆಗೆ ಸ್ವಂತ ಅಚ್ಚು. ಯೂನಿಕೋಡ್‌ನಲ್ಲೇ ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವ ಒಬ್ಬ ಡಿಟಿಪಿಯವರು ಸಿಕ್ಕರು. ಆರು ಶನಿವಾರ ಅವರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಅವರಿಗೆ ಹಿಂಸೆ ಆಗಿರಬೇಕು, ಬಾಯಿಬಿಟ್ಟು ಹೇಳಲಿಲ್ಲ. ಡೆಮಿ ಸೈಜು, 18 ಫಾರಂ, ಫಾರಂಗೆ 16 ಪುಟದಂತೆ 288 ಪುಟ. ಪುಟ ಕಟ್ಟಲು ಪುಟಕ್ಕೆ ಮೂವತ್ತರಂತೆ 8,640. ಮುಖಪುಟಕ್ಕೆ 4,000. ಮುನ್ನೂರು ಪ್ರತಿಗೆ ತಲಾ 130ರಂತೆ 39,000. ಮುಖಪುಟದಲ್ಲಿ ಬರೀ ಆ ಗೋಡೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪುಕ್ಕಟೆ. ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಇದಕ್ಕೂ ದುಡ್ಡು ಕೇಳುವವರನ್ನು ನಂಬಬೇಡಿ. 1954ರ ಕಾಯ್ದೆ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ನಮ್ಮ ಖರ್ಚಿನಲ್ಲೇ ಪ್ರತಿ ಕಳಿಸಬೇಕು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿದ್ದರೆ ಅದನ್ನು ಮೊದಲು ನೋಡಿ. ನನಗೆ ಮೀರಿತ್ತು.

ಮಾರಾಟದಲ್ಲಿ ಈ ದಾರಿ ಸೋಲುತ್ತದೆ. ಬೆಲೆ 320 ಇಟ್ಟೆ, ಅಂಗಡಿಯವರು ನೂರಕ್ಕೆ ನಲವತ್ತು ಕಮಿಷನ್ ಕೇಳಿದರು. 131 ಮಾರಿದ್ದೇನೆ, 60 ಹಂಚಿದ್ದೇನೆ, 109 ಮಂಚದ ಕೆಳಗಿವೆ. ಹಾಕಿದ ದುಡ್ಡು ಇನ್ನೂ ಬಂದಿಲ್ಲ. ಸಾಲ ಮಾಡಿ ಇದಕ್ಕೆ ಕೈ ಹಾಕಬೇಡಿ. ನನಗೆ ಶನಿವಾರ ಬಿಡುವಿದೆ, ಸ್ಕೂಟರಿನಲ್ಲಿ ಕಟ್ಟು ಹೇರಿಕೊಂಡು ಹೋಗಲು ನಾಚಿಕೆಯಿಲ್ಲ, ಅಲ್ಪವಿರಾಮ ಒಂದು ತಪ್ಪಿದರೂ ನಿದ್ದೆ ಬರುವುದಿಲ್ಲ. ಇಂಥವರಿಗೆ ಇದೇ ಸರಿ.

ಮುಂದಿನ ಕಾದಂಬರಿ 1377ರ ರಗೂಸಾ ಬಗ್ಗೆ, ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್. ರೋಗವಿದ್ದ ಕಡೆಯಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕು ಅಂತ ಆ ಬಂದರು ಕಾನೂನು ಮಾಡಿತ್ತು. ಊರಿನ ಹೆಸರು ಸ್ವರದಲ್ಲಿ ಮುಗಿಯುತ್ತದೆ, ಅದನ್ನು ಮೊದಲೇ ನೋಡಿಕೊಂಡಿದ್ದೇನೆ. ಆದರೆ ಕ್ವಾರಂಟೈನ್‌ಗೆ ಒಂದು ಕನ್ನಡ ಪದ ಬೇಕಾಗಿದೆ. ಯಾರಿಗಾದರೂ ಹೊಳೆದರೆ ಹೇಳಿ.