ರೋಟಾಹೇಲರ್: ಎಳೆದದ್ದು ಕಣ್ಣಿಗೆ ಕಾಣುವ ಪಂಪು

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟಿಸುವ ದೀರ್ಘಕಾಲದ ಕಾಯಿಲೆ) ಇರುವವರ ಮನೆಯಲ್ಲಿ ಔಷಧ ಇಲ್ಲದಿರುವುದು ಕಡಿಮೆ, ಇದ್ದೂ ಎದೆಗೆ ಇಳಿಯದಿರುವುದೇ ಹೆಚ್ಚು. ಬೆಳಿಗ್ಗೆ ಪಂಪು ಎಳೆದುಕೊಂಡಿರಾ ಎಂದು ಕೇಳಿದರೆ "ಹೂಂ, ಆಯ್ತು" ಅಂತಾರೆ. ಪುಡಿ ಶ್ವಾಸಕೋಶಕ್ಕೆ ಹೋಯಿತೋ, ನಾಲಿಗೆ ಮೇಲೆ ಕೂತಿತೋ ಯಾರಿಗೂ ತಿಳಿಯದು. ಕ್ಯಾಪ್ಸೂಲಿನೊಳಗಿನ ಔಷಧದ ಪುಡಿಯನ್ನು ಬಾಯಿಂದ ಎಳೆದುಕೊಳ್ಳಲು ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಪ್ಲಾಸ್ಟಿಕ್ ಯಂತ್ರವಾದ ರೋಟಾಹೇಲರ್‌ಗೆ ನಾವು ಒಳ್ಳೆಯ ಅಂಕ ಕೊಡುವುದು ಇದೇ ಕಾರಣಕ್ಕೆ. ಬೆಳಕಿಗೆ ಹಿಡಿದರೆ ಒಳಗೆ ಪುಡಿ ಉಳಿದಿದೆಯೋ ಇಲ್ಲವೋ ಕಾಣುತ್ತದೆ, ಬಾಟಲಿಯ ಕ್ಯಾಪ್ಸೂಲ್ ಎಣಿಸಿದರೆ ಎಷ್ಟು ಡೋಸ್ ತಪ್ಪಿದೆ ಅಂತಲೂ ಗೊತ್ತಾಗುತ್ತದೆ. ಆದರೆ ಇದು ಎಲ್ಲರ ಉಸಿರಿಗೂ ಒಗ್ಗುವ ಯಂತ್ರವಲ್ಲ, ಆ ಮಾತು ಮುಂದೆ.

ಮೊದಲು ಬಳಸುವ ರೀತಿ. ಯಂತ್ರಕ್ಕೆ ಎರಡೇ ಭಾಗ, ಬಾಯಿಗಿಡುವ ತುದಿ ಮತ್ತು ತಿರುಗುವ ಬುಡ. ಬುಡದಲ್ಲಿ ಉಬ್ಬಿದ ಚೌಕ ತೂತಿದೆ. ರೋಟಾಕ್ಯಾಪ್ ಎಂಬ ಕ್ಯಾಪ್ಸೂಲ್‌ನ ಪಾರದರ್ಶಕ ಅರ್ಧ ಕೆಳಗೆ ಹೋಗುವಂತೆ ಅದರಲ್ಲಿ ತುರುಕಿ, ಮೇಲ್ತುದಿ ತೂತಿನ ಅಂಚಿಗೆ ಸಮವಾಗುವವರೆಗೆ ಒತ್ತಬೇಕು. ಅರ್ಧಂಬರ್ಧ ಕೂತರೆ ತಿರುಗಿಸಿದಾಗ ಕ್ಯಾಪ್ಸೂಲ್ ಬಿಚ್ಚಿಕೊಳ್ಳುವ ಬದಲು ನಜ್ಜುಗುಜ್ಜಾಗುತ್ತದೆ. ಬಾಯಿತುದಿಯನ್ನು ಒಂದು ಕೈಯಲ್ಲಿ ಹಿಡಿದು ಬುಡವನ್ನು ಅದು ನಿಲ್ಲುವ ತನಕ ತಿರುಗಿಸಿದರೆ ಕ್ಯಾಪ್ಸೂಲ್ ಎರಡಾಗಿ ಪುಡಿ ಒಳಗೆ ಸುರಿಯುತ್ತದೆ. ಇಲ್ಲಿಂದಾಚೆ ಯಂತ್ರ ಅಡ್ಡಡ್ಡವಾಗಿಯೇ ಇರಬೇಕು. "ಒಂದು ನಿಮಿಷ" ಎಂದು ಬಾಯಿತುದಿ ಕೆಳಗೆ ಮಾಡಿ ಹಿಡಿದರೆ ಆ ಹೊತ್ತಿನ ಔಷಧ ಸೀರೆ, ಪಂಚೆಯ ಪಾಲು.

ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಯಂತ್ರದೊಳಕ್ಕೆ ಊದಬಾರದು. ಊದಿದರೆ ಪುಡಿ ಚೆಲ್ಲುತ್ತದೆ, ಉಳಿದದ್ದು ಉಸಿರಿನ ತೇವಕ್ಕೆ ಅಂಟಿಕೊಳ್ಳುತ್ತದೆ. ತುಟಿ ಬಿಗಿಯಾಗಿ ಮುಚ್ಚಿ ಬಾಯಿಂದ ಜೋರಾಗಿ, ಆಳವಾಗಿ ಎಳೆದು, ಯಂತ್ರ ತೆಗೆದು 10 ಸೆಕೆಂಡ್ ಉಸಿರು ಹಿಡಿಯಬೇಕು. ಅಷ್ಟು ಹೊತ್ತು ಆಗದಿದ್ದರೆ ಆಗುವಷ್ಟು. ಬಳಿಕ ಬೆಳಕಿಗೆ ಹಿಡಿದು ನೋಡಿ. ಪುಡಿ ಕಂಡರೆ ಇನ್ನೊಮ್ಮೆ ಎಳೆಯಿರಿ, ಇದು ಎರಡನೇ ಡೋಸ್ ಅಲ್ಲ, ಅದೇ ಡೋಸಿನ ಉಳಿಕೆ.

ಎಣಿಕೆಯ ಲೆಕ್ಕ ಸುಲಭ. ಫಾರ್ಮೊಟೆರಾಲ್–ಬುಡೆಸೊನೈಡ್ ಎಂಬ ದಿನಾ ಎಳೆಯುವ ಔಷಧಗಳ ಜೋಡಿಯನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು ಬರೆಯುತ್ತಾರೆ. ಹೊತ್ತಿಗೊಂದರಂತೆ 30 ಕ್ಯಾಪ್ಸೂಲಿನ ಬಾಟಲಿ 15 ದಿನಕ್ಕೆ ಮುಗಿಯಬೇಕು. ಮುಚ್ಚಳದ ಮೇಲೆ ತೆರೆದ ತಾರೀಖು ಮಾರ್ಕರ್‌ನಲ್ಲಿ ಬರೆದಿಡಿ. ಹತ್ತು ದಿನ ಮುಗಿದಾಗ 10 ಉಳಿದಿದ್ದರೆ ಸರಿ, 17 ಉಳಿದಿದ್ದರೆ ಮಾತಾಡಬೇಕು, ಗದರಬೇಕಿಲ್ಲ. ತಿಂಗಳಿಗೆ ಒಂದೇ ಬಾಟಲಿ ತರುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅಲ್ಲಿ ಮರೆವಿನ ಪ್ರಶ್ನೆಯೇ ಇಲ್ಲ, ತಿಂಗಳ ಅರ್ಧ ಔಷಧವೇ ಇರುವುದಿಲ್ಲ.

ಹೊತ್ತು ತಪ್ಪದಿರಲು ಅಲಾರಂಗಿಂತ ಹಲ್ಲುಜ್ಜುವ ಬ್ರಷ್ ಮೇಲು. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು, ಗಂಟಲು ಒಡಕು. ಪಂಪು ಮೊದಲು, ಬ್ರಷ್ ಆಮೇಲೆ ಎಂದು ಎರಡು ಹೊತ್ತೂ ಕಟ್ಟಿಬಿಟ್ಟರೆ ನೆನಪೂ ಆಯಿತು, ಮುಕ್ಕಳಿಕೆಯೂ ಆಯಿತು.

ನಿಜವಾದ ತೊಡಕು ಬೇರೆಡೆ ಇದೆ. ತುರ್ತಿಗೆಂದು ಕೊಡುವ ಲೆವೊಸಾಲ್ಬುಟಮಾಲ್ ಎಳೆದರೆ ಕೆಲ ನಿಮಿಷದಲ್ಲೇ ದಮ್ಮು ಹಗುರ. ದಿನಾ ತೆಗೆದುಕೊಳ್ಳುವ ಔಷಧದ ಮುಖ್ಯ ಲಾಭ ಆ ಕ್ಷಣದಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಜನ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡುತ್ತಾರೆ. "ಪಂಪು ಅಭ್ಯಾಸ ಆಗಿಬಿಡುತ್ತೆ", "ಅದು ಕೊನೇ ಔಷಧ" ಎಂಬ ನೆಂಟರ ಉಪದೇಶ ಬೇರೆ. 6,112 ಸಿಒಪಿಡಿ ರೋಗಿಗಳನ್ನು 3 ವರ್ಷ ಗಮನಿಸಿದ ಟಾರ್ಚ್ ಅಧ್ಯಯನದಲ್ಲಿ ಶೇ 80ಕ್ಕಿಂತ ಹೆಚ್ಚು ಡೋಸ್ ತಪ್ಪದೆ ಎಳೆದವರ ಪೈಕಿ ಶೇ 11.3 ಮಂದಿ ತೀರಿಕೊಂಡರು, ಉಳಿದವರ ಪೈಕಿ ಶೇ 26.4. ಇದರ ಪೂರ್ತಿ ಶ್ರೇಯ ಔಷಧದ್ದಲ್ಲ, ಹುಸಿ ಔಷಧವನ್ನು ತಪ್ಪದೆ ಎಳೆದವರಲ್ಲೂ ಇಂಥದೇ ಅಂತರ ಕಂಡಿತ್ತು. ಶಿಸ್ತಿನವರು ಬೇರೆ ವಿಷಯಗಳಲ್ಲೂ ಆರೋಗ್ಯ ನೋಡಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಆದರೂ ಆ ಎರಡು ಅಂಕಿಗಳನ್ನು ಉಪದೇಶದ ನೆಂಟರಿಗೆ ಓದಿ ಹೇಳಬಹುದು.

ಎರಡು ಬಾಟಲಿ ಒಂದೇ ಥರ ಕಾಣುವುದೂ ತಾಪತ್ರಯವೇ. ತುರ್ತಿನದಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ. ಇನ್ನೊಂದು ಅಪಾಯ, ಮಾತ್ರೆ ಎಂದುಕೊಂಡು ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವುದು. ತಮಾಷೆ ಅನಿಸಬಹುದು, ಆದರೆ ಎಳೆಯಬೇಕಾದ ಟಿಯೋಟ್ರೋಪಿಯಂ, ಫಾರ್ಮೊಟೆರಾಲ್ ಕ್ಯಾಪ್ಸೂಲ್‌ಗಳನ್ನು ಜನ ನುಂಗುತ್ತಿದ್ದಾರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು. ಬಿಪಿ, ಶುಗರ್ ಮಾತ್ರೆಗಳ ಡಬ್ಬದಲ್ಲಿ ಈ ಬಾಟಲಿ ಇಡಬೇಡಿ.

ಮಲೆನಾಡು, ಕರಾವಳಿಯ ಮಳೆಗಾಲ ಈ ಯಂತ್ರಕ್ಕೆ ಆಗಿಬರುವುದಿಲ್ಲ. ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಪುಡಿ ಗಂಟು ಕಟ್ಟುತ್ತದೆ, ಎಷ್ಟು ಎಳೆದರೂ ಗೋಡೆ ಬಿಡುವುದಿಲ್ಲ. ವಾರಕ್ಕಾಗುವಷ್ಟನ್ನು ಮಾತ್ರೆ ಡಬ್ಬಿಗೆ ಸುರಿದಿಡುವ ಜಾಣತನ ಇಲ್ಲಿ ಬೇಡ. ಬಾಟಲಿಯಲ್ಲೇ ಇರಲಿ, ತೇವ ಹೀರುವ ಪೊಟ್ಟಣವೂ ಒಳಗೇ ಇರಲಿ, ಎಳೆಯುವ ಹೊತ್ತಿಗೆ ಒಂದನ್ನು ಒಣಗಿದ ಕೈಯಲ್ಲಿ ತೆಗೆಯಿರಿ. ಯಂತ್ರವನ್ನು ಬಿಚ್ಚಿ ಹರಿಯುವ ನೀರಿನಲ್ಲಿ ತೊಳೆದ ಮೇಲೆ ಪೂರ್ತಿ ಒಣಗಬೇಕು. ಶ್ರಾವಣದಲ್ಲಿ ಅದಕ್ಕೆ ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ಹೇಗೂ ಖರ್ಚೆಲ್ಲ ಕ್ಯಾಪ್ಸೂಲಿನದು, ಯಂತ್ರ ಎರಡು ಕೊಂಡಿಟ್ಟುಕೊಳ್ಳಿ.

ಈಗ ಉಸಿರಿನ ಮಾತು. ರೋಟಾಹೇಲರ್‌ನಲ್ಲಿ ಪುಡಿಯನ್ನು ಎಬ್ಬಿಸುವುದು ರೋಗಿಯ ಎಳೆತವೇ, ಬೇರೆ ಬಲವಿಲ್ಲ. ವರ್ಷಗಟ್ಟಲೆ ಸೌದೆ ಒಲೆ ಮುಂದೆ ಕೂತ ಅಜ್ಜಿಗೆ, ಬೀಡಿಯಿಂದ ಎದೆ ಸವೆದ ಅಜ್ಜನಿಗೆ ಆ ಎಳೆತ ಉಳಿದಿಲ್ಲದಿರಬಹುದು. ಸರಿಯಾಗಿ ಎರಡು ಬಾರಿ ಎಳೆದ ಮೇಲೂ ದಿನಾ ಪುಡಿ ಕಾಣುತ್ತಿದ್ದರೆ ತಪ್ಪು ರೋಗಿಯದಲ್ಲ, ಯಂತ್ರದ ಆಯ್ಕೆಯದು. ಅದೇ ಕ್ಯಾಪ್ಸೂಲ್ ಹಾಕುವ ರಿವೊಲೈಜರ್ ಕ್ಯಾಪ್ಸೂಲನ್ನು ಒಡೆಯದೆ ಸೂಜಿಯಿಂದ ಚುಚ್ಚುತ್ತದೆ, ಸಣ್ಣ ಎಳೆತಕ್ಕೂ ಸಾಕೆಂಬುದು ತಯಾರಕರ ಮಾತು. ಬೆರಳುಗಂಟು ನೋವಿನವರಿಗೆ ತಿರುಗಿಸುವ ಕೆಲಸವೂ ಅದರಲ್ಲಿಲ್ಲ. ಅದಕ್ಕೂ ಆಗದಿದ್ದರೆ ಡಾಕ್ಟರನ್ನು ಕೇಳಿ ಸ್ಪ್ರೇ ಪಂಪು ಮತ್ತು ಅದಕ್ಕೆ ಜೋಡಿಸುವ, ವಾಲ್ವ್ ಇರುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್‌ಗೆ ಹೋಗುವುದೇ ಸರಿ.

ಸ್ಪೇಸರ್‌ನಲ್ಲಿ ನಿಯಮ ಉಲ್ಟಾ. ಪಂಪು ಕುಲುಕಿ, ಒಮ್ಮೆಗೆ ಒಂದೇ ಪಫ್ ಒತ್ತಿ, ನಿಧಾನವಾಗಿ ಐದಾರು ಉಸಿರು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಸೌಮ್ಯ ಸೋಪುನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಿರವಿದ್ಯುತ್ ಬಂದು ಔಷಧ ಗೋಡೆಗೆ ಅಂಟುತ್ತದೆ. ಇಲ್ಲಿ ಕಣ್ಣಳತೆಯ ಲೆಕ್ಕ ಸಿಗದು, ಆದ್ದರಿಂದ ಡೋಸ್ ಕೌಂಟರ್ ಇರುವ ಪಂಪನ್ನೇ ಕೇಳಿ. ದಿನದ ಔಷಧ ಕ್ಯಾಪ್ಸೂಲಿನಲ್ಲೇ ಇದ್ದರೂ ತುರ್ತಿನದು ಸ್ಪೇಸರ್‌ನಲ್ಲಿದ್ದರೆ ಒಳ್ಳೆಯದು. ದಮ್ಮು ಕಟ್ಟಿದಾಗ ಯಾರಿಗೂ ಜೋರಾಗಿ ಎಳೆಯಲಾಗುವುದಿಲ್ಲ.

ಅಂಗಡಿಯಲ್ಲಿ ಬೇರೆ ಬ್ರ್ಯಾಂಡ್ ಕೊಟ್ಟರೆ ಔಷಧದ ಹೆಸರು, ಮೈಕ್ರೋಗ್ರಾಂ ಎರಡನ್ನೂ ಚೀಟಿಗೆ ತಾಳೆ ಹಾಕಿ. ಆ ಕ್ಯಾಪ್ಸೂಲ್ ನಿಮ್ಮ ಯಂತ್ರಕ್ಕೇ ಆದದ್ದೋ ಎಂದು ಬಾಟಲಿ ಒಡೆಯುವ ಮೊದಲೇ ಕೇಳಿಕೊಳ್ಳಿ, ಒಡೆದ ಬಾಟಲಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.