ಭುಜ ಎಳೆದು 'ಬಿಡಿಸುವ' ಸೆಂಟರ್‌ಗಳ ಬಗ್ಗೆ ಹುಷಾರಾಗಿರಿ

ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಎಲ್ಲಿ ನೋಡಿದರೂ ಒಂದು ಬೋರ್ಡ್ ಕಾಣುತ್ತದೆ: 'ಮಂಡಿ ನೋವು, ಭುಜ ನೋವು, ಆಪರೇಷನ್ ಇಲ್ಲದೆ ಗುಣ'. ಅಂಥ ಒಂದು ಕಡೆ ನಮ್ಮಮ್ಮನಿಗೆ ಏನಾಯಿತು ಅಂತ ಹೇಳುತ್ತೇನೆ. ಅಲ್ಲಿಗೆ ಹೋಗುವ ಮೊದಲು ಓದಿ.

ಅಮ್ಮನಿಗೆ 56 ವರ್ಷ, ಶುಗರ್ ಇದೆ. ಎಡಭುಜ ನಿಧಾನಕ್ಕೆ ಬಿಗಿಯುತ್ತಾ ಬಂತು. ಮೊದಲು ಜಡೆ ಹಾಕಿಕೊಳ್ಳಲು ಆಗಲಿಲ್ಲ, ಆಮೇಲೆ ರವಿಕೆ ತೊಡುವುದೂ ಕಷ್ಟವಾಯಿತು. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವ ಮಾತೇ ಇಲ್ಲ. ಪರಿಚಯದವರು ಹೇಳಿದರು ಅಂತ ಬನಶಂಕರಿ ಕಡೆಯ ಒಂದು ಸೆಂಟರ್‌ಗೆ ಹೋದರು. ಅಲ್ಲಿ ಎಕ್ಸ್‌ರೇ ಕೇಳಲಿಲ್ಲ, ಶುಗರ್ ಎಷ್ಟಿದೆ ಅಂತಲೂ ಕೇಳಲಿಲ್ಲ. "ನರ ಸಿಕ್ಕಾಕ್ಕೊಂಡಿದೆ ಅಮ್ಮಾ, ಬಿಡಿಸ್ತೀವಿ" ಅಂದವರೇ ಪ್ಯಾಕೇಜ್ ದುಡ್ಡು ಮುಂಚೆಯೇ ಕಟ್ಟಿಸಿಕೊಂಡರು. ಬಿಸಿ ಎಣ್ಣೆ ಹಚ್ಚಿ, ಒಬ್ಬ ಬೆನ್ನು ಒತ್ತಿ ಹಿಡಿದ, ಇನ್ನೊಬ್ಬ ಕೈಯನ್ನು ಮೇಲಕ್ಕೆ ಜಗ್ಗಿದ. ಅಮ್ಮ ಕೂಗಿಕೊಂಡರೆ "ನೋವಾದ್ರೇನೇ ಬಿಡೋದು" ಅನ್ನುವ ಉತ್ತರ. ಕೆಲವು ಸಲ ಹೋಗಿ ಬರುವಷ್ಟರಲ್ಲಿ ಕೈ ಇನ್ನೂ ಬಿಗಿಯಿತು, ರಾತ್ರಿ ನಿದ್ದೆಯೂ ಹೋಯಿತು.

ಮೂಳೆ ಡಾಕ್ಟರ್ ನೋಡಿದ್ದು ಆಮೇಲೆ. ಅಮ್ಮನಿಗೆ ತಾನಾಗಿ ಕೈ ಎತ್ತಲು ಆಗುತ್ತಿರಲಿಲ್ಲ ಸರಿ, ಡಾಕ್ಟರ್ ಹಿಡಿದು ಎತ್ತಿದರೂ ಏಳಲಿಲ್ಲ. ಮೊಣಕೈ ಮಡಚಿ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಲೂ ಆಗಲಿಲ್ಲ. ಇದು ಫ್ರೋಜನ್ ಶೋಲ್ಡರ್. ಕೀಲನ್ನು ಸುತ್ತಿರುವ ಪೊರೆ ಊದಿಕೊಂಡು, ದಪ್ಪಗಾಗಿ, ಕುಗ್ಗುತ್ತದೆ. ನರ ಎಲ್ಲೂ ಸಿಕ್ಕಿಹಾಕಿಕೊಂಡಿರುವುದಿಲ್ಲ! 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಶುಗರ್ ಅಥವಾ ಥೈರಾಯ್ಡ್ ಇರುವವರಲ್ಲಿ ಇದು ಜಾಸ್ತಿ. ಭುಜದ ಕೀಲನ್ನು ಹಿಡಿದಿಟ್ಟು ಕೈ ಎತ್ತಿಸುವ ರೊಟೇಟರ್ ಕಫ್ ಸ್ನಾಯು ಹರಿದಿದ್ದರೆ ಕಥೆಯೇ ಬೇರೆ. ಆಗ ಸ್ವಂತ ಬಲದಲ್ಲಿ ಕೈ ಎತ್ತಲು ಕಷ್ಟ, ಆದರೆ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಏಳುತ್ತದೆ. ಇಷ್ಟು ಪರೀಕ್ಷೆಗೆ ಸ್ಕ್ಯಾನ್ ಕೂಡ ಬೇಕಿಲ್ಲ, ಎರಡು ನಿಮಿಷ ಸಾಕು. ಅದನ್ನೂ ಮಾಡದೆ ದುಡ್ಡು ಕಟ್ಟಿಸಿಕೊಂಡರಲ್ಲ ಅಂತ ನನಗೆ ಈಗಲೂ ಸಿಟ್ಟು.

ನೋವು ಜೋರಾಗಿರುವ ಹಂತದಲ್ಲಿ ಬಲವಂತವಾಗಿ ಎಳೆದರೆ ಊತ, ನೋವು ಹೆಚ್ಚಾಗುತ್ತವೆ. ಮೂಳೆ ಟೊಳ್ಳಾದ ವಯಸ್ಸಾದವರಿಗೆ ತೋಳಿನ ಮೂಳೆ ಮುರಿಯುವ ಅಪಾಯವೂ ಇದೆ. ಅಮ್ಮನಿಗೆ ಕೊಟ್ಟದ್ದು ನೋವಿನ ಮಾತ್ರೆ, ಕೀಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಆಮೇಲೆ ಮೆಲ್ಲಗೆ ಮಾಡುವ ಫಿಸಿಯೋಥೆರಪಿ. ಶುಗರ್ ಇರುವವರು ಗಮನಿಸಿ, ಈ ಇಂಜೆಕ್ಷನ್ ಆದಮೇಲೆ ಕೆಲವು ದಿನ ಶುಗರ್ ಏರುತ್ತದೆ, ಚೆಕ್ ಮಾಡಿಸುತ್ತಿರಿ. ಪೂರ್ತಿ ಸಡಿಲವಾಗಲು 1ರಿಂದ 3 ವರ್ಷವೂ ಹಿಡಿಯಬಹುದು. ಹೀಗಿರುವಾಗ ಕೆಲವೇ ಸಿಟ್ಟಿಂಗ್‌ನಲ್ಲಿ ಗುಣ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ. ಅರಿವಳಿಕೆ ಕೊಟ್ಟು ಕೈ ಸಡಿಲಿಸುವುದು, ಕೀಹೋಲ್ ಸರ್ಜರಿ ಎಲ್ಲ ಇವೆ, ಆದರೆ ಅವು ಬೇಕಾಗುವುದು ಕೆಲವರಿಗೆ ಮಾತ್ರ.

ಅದೇ ಸೆಂಟರ್‌ನಲ್ಲಿ ಶಟಲ್ ಆಡುವಾಗ ಮಂಡಿ ತಿರುಚಿಕೊಂಡ ಹುಡುಗನೊಬ್ಬ ಮಸಾಜ್‌ಗೆ ಕಾಯುತ್ತಿದ್ದನಂತೆ. ಎಕ್ಸ್‌ರೇ ನಾರ್ಮಲ್ ಅಂದಿದ್ದರಂತೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಮೂಳೆಗಳನ್ನು ಜೋಡಿಸುವ ಪಟ್ಟಿಯಾದ ಲಿಗಮೆಂಟ್ ಹರಿದದ್ದಲ್ಲ. ತಿರುಚಿದಾಗ 'ಟಪ್' ಅಂತ ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿದ್ದರೆ ಮಂಡಿಯೊಳಗಿನ ಮುಖ್ಯ ಲಿಗಮೆಂಟ್ ಆದ ಎಸಿಎಲ್ ಹರಿದಿರಬಹುದು. ಕಾಲು ಪೂರ್ತಿ ನೀಟಲು ಆಗದೆ ಸಿಕ್ಕಿಹಾಕಿಕೊಂಡರೆ ಮಂಡಿ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದು, ಅದರ ತುಂಡು ಅಡ್ಡ ಬಂದಿರಬಹುದು. ಅಂಥದ್ದಕ್ಕೆ ಮಸಾಜ್ ಅಲ್ಲ, ಬೇಗ ಮೂಳೆ ಡಾಕ್ಟರ್ ಬೇಕು. ಎಸಿಎಲ್ ಹರಿದ ಎಲ್ಲರಿಗೂ ಆಪರೇಷನ್ ಬೇಕು ಅಂತೇನಿಲ್ಲ. ಎಷ್ಟೋ ಜನ ವ್ಯಾಯಾಮದಿಂದಲೇ ತೊಡೆಯ ಬಲ ಹೆಚ್ಚಿಸಿಕೊಂಡು ಓಡಾಡುತ್ತಾರೆ. ಮತ್ತೆ ಕೋರ್ಟಿಗಿಳಿದು ಜಿಗಿದು, ತಿರುಗಿ ಆಡಬೇಕು ಅನ್ನುವವರಿಗೆ ಸರ್ಜರಿ ಮಾತು ಬರುತ್ತದೆ.

ಖಾಸಗಿಯಲ್ಲಿ ಖರ್ಚು ಜಾಸ್ತಿ ಅಂತ ಇಂಥ ಸೆಂಟರ್‌ಗಳಿಗೆ ಹೋಗುವವರೂ ಇದ್ದಾರೆ. ಅವರಿಗೆ ಜಯನಗರದ ಸಂಜಯ್ ಗಾಂಧಿ ಸರ್ಕಾರಿ ಮೂಳೆ ಆಸ್ಪತ್ರೆ ಇದೆ, ಕ್ಯೂ ಇರುತ್ತದೆ ಅಷ್ಟೇ. ಇನ್ನೊಂದು ಮಾತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ಪ್ರಕಾರ ಖಾಸಗಿ ಕ್ಲಿನಿಕ್, ಫಿಸಿಯೋಥೆರಪಿ ಸೆಂಟರ್‌ಗಳು ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. ಅಮ್ಮ ಹೋದ ಕಡೆ ಗೋಡೆ ಮೇಲೆ ಇದ್ದದ್ದು ಆಫರ್ ಪೋಸ್ಟರ್. ಉಳಿದ ಸಿಟ್ಟಿಂಗ್‌ಗಳ ದುಡ್ಡು ಕೇಳಿದರೆ ರಸೀದಿ ತೋರಿಸಿ ಅಂದರು, ಕೊಟ್ಟಿದ್ದರೆ ತಾನೇ ತೋರಿಸುವುದು!