ಇನ್‌ಸೈಡ್ ಗ್ಯಾರಂಟಿ ಕ್ಯಾಬಿನ್: ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮೊದಲು ಓದಿ

ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್ ಬರುವ ಮೂರು, ನಾಲ್ಕು ರಾತ್ರಿಯ ಕ್ರೂಸ್‌ಗೆ ಈಗ ನಮ್ಮ ಕಡೆಯಿಂದ ಮನೆಮಂದಿಯೆಲ್ಲ ಹೋಗುತ್ತಾರೆ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವವರೂ ಇದ್ದಾರೆ. ಬುಕಿಂಗ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ದರಕ್ಕೆ ಕಾಣುವುದು ‘ಇನ್‌ಸೈಡ್ ಗ್ಯಾರಂಟಿ’. ಕಿಟಕಿ ಇಲ್ಲ, ಬಾಲ್ಕನಿ ಇಲ್ಲ. “ರೂಮು ಮಲಗೋಕೆ ತಾನೇ, ಕಿಟಕಿ ಯಾಕೆ?” ಅಂತ ದುಡ್ಡು ಕಟ್ಟಿಬಿಡುತ್ತಾರೆ. ಗಟ್ಟಿಮುಟ್ಟಾಗಿರುವ ಇಬ್ಬರಿಗೆ ಈ ಮಾತು ಸರಿಯೇ. ವಯಸ್ಸಾದವರು ಜೊತೆಗಿದ್ದರೆ ಇದೇ ಮಾತು ಇಡೀ ಪ್ರವಾಸವನ್ನು ಹಾಳು ಮಾಡುತ್ತದೆ.

ಕೆಡುವ ಬುಕಿಂಗ್ ಸಾಮಾನ್ಯವಾಗಿ ಹೀಗಿರುತ್ತದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು. ಮಗ, ಸೊಸೆ ಸೇರಿ ನಾಲ್ವರು. ಒಂದೇ ಕ್ಯಾಬಿನ್, ನಾಲ್ಕು ರಾತ್ರಿ. ಹೊರಡಲು ವಾರವಿದೆ ಅನ್ನುವಾಗ ಕ್ಯಾಬಿನ್ ನಂಬರು ಬರುತ್ತದೆ: ಈಜುಕೊಳದ ಡೆಕ್ಕಿನ (ಅಂದರೆ ಹಡಗಿನ ಅಂತಸ್ತಿನ) ಸರಿ ಕೆಳಗೆ, ಹಡಗಿನ ಮೂತಿಯ ಹತ್ತಿರ. ಒಳಗೆ ಹೋದರೆ ಕೆಳಗೆ ಎರಡು ಕಿರಿದಾದ ಮಂಚ, ಗೋಡೆಯಿಂದಲೋ ಚಾವಣಿಯಿಂದಲೋ ಇಳಿಸುವ ಎರಡು ಮೇಲಿನ ಬರ್ತ್, ಹತ್ತಲು ಸಣ್ಣ ಏಣಿ. ಮೊದಲ ರಾತ್ರಿ ಎರಡು ಗಂಟೆಗೆ ಅಪ್ಪ ಬಾತ್‌ರೂಮಿಗೆಂದು ಎದ್ದರೆ ತಮ್ಮ ಕೈ ತಮಗೇ ಕಾಣುವುದಿಲ್ಲ. ತಡಕಾಡುತ್ತಾ ಹೋಗಿ ಬಾತ್‌ರೂಮಿನ ಹೊಸ್ತಿಲು ಎಡವುತ್ತಾರೆ. ಬೆಳಗ್ಗೆ ಐದೂವರೆಗೆ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು ಶುರು. ರಿಸೆಪ್ಷನ್‌ಗೆ ಹೋಗಿ ಕೇಳಿದರೆ ಉತ್ತರ ಒಂದೇ: ಹಡಗು ಫುಲ್, ಗ್ಯಾರಂಟಿ ದರಕ್ಕೆ ಬದಲಾವಣೆ ಇಲ್ಲ.

ಗ್ಯಾರಂಟಿ ಅಂದರೆ ನಮ್ಮ ಕಿವಿಗೆ ಭರವಸೆಯ ಹಾಗೆ ಕೇಳುತ್ತದೆ. ಇಲ್ಲಿ ಅದರ ಅರ್ಥ ಇಷ್ಟೇ: ಆ ದರ್ಜೆಯದೋ ಅದಕ್ಕಿಂತ ಮೇಲಿನದೋ ಯಾವುದಾದರೂ ಒಂದು ಕೋಣೆ ಸಿಗುತ್ತದೆ, ಯಾವುದು ಎಂದು ಕಂಪನಿ ತೀರ್ಮಾನಿಸುತ್ತದೆ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟವರು ನಕ್ಷೆ ನೋಡಿ ಒಳ್ಳೆಯ ಕೋಣೆಗಳನ್ನು ಆರಿಸಿಕೊಂಡಾದ ಮೇಲೆ ಉಳಿಯುವುದು ಮೂತಿಯ ಕೋಣೆ, ಬಾಲದ ಕೋಣೆ, ಅಡುಗೆಮನೆಯ ಪಕ್ಕದ್ದು, ಈಜುಕೊಳದ ಕೆಳಗಿನದು, ಮಧ್ಯೆ ಬಾಗಿಲಿರುವ ಜೋಡಿ ಕೋಣೆ. ಗ್ಯಾರಂಟಿಗೆ ಹೋಗುವುದು ಹೆಚ್ಚಾಗಿ ಇವೇ. ಅದೃಷ್ಟವಿದ್ದರೆ ಕಿಟಕಿಯ ಕೋಣೆಯೂ ಬರಬಹುದು, ಆದರೆ ಅಪ್ಪ ಅಮ್ಮನ ಪ್ರವಾಸವನ್ನು ಅದೃಷ್ಟದ ಮೇಲೆ ಬಿಡಬಾರದು. ಎರಡು ಗ್ಯಾರಂಟಿ ಕ್ಯಾಬಿನ್ ತೆಗೆದುಕೊಂಡರೆ ಒಂದು ಎರಡನೇ ಡೆಕ್ಕಿಗೆ, ಇನ್ನೊಂದು ಒಂಬತ್ತನೇ ಡೆಕ್ಕಿಗೆ ಬೀಳುವುದೂ ಉಂಟು. ಕೆಲವು ಹಡಗುಗಳ ತೀರಾ ಅಗ್ಗದ ದರ್ಜೆಯಲ್ಲಿ ಇಬ್ಬರೇ ಇದ್ದರೂ ರೈಲಿನ ಹಾಗೆ ಕೆಳಗೊಂದು, ಮೇಲೊಂದು ಬರ್ತ್. ಮಂಚ ಜೋಡಿಸಿ ಕೊಡಿ ಎಂದರೆ ಜೋಡಿಸಲು ಎರಡನೇ ಮಂಚವೇ ಇರುವುದಿಲ್ಲ.

ಕತ್ತಲೆಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಲೈಟು ಆರಿಸಿದರೂ ಬೀದಿದೀಪದ ಬೆಳಕು ಪರದೆಯ ಸಂದಿಯಿಂದ ಬರುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಇನ್‌ಸೈಡ್ ಕ್ಯಾಬಿನ್‌ನಲ್ಲಿ ಹೊಂದಿಕೊಳ್ಳಲು ಬೆಳಕೇ ಇಲ್ಲ. ಬೆಳಗಾಯಿತೋ ಇಲ್ಲವೋ ತಿಳಿಯುವುದಿಲ್ಲ. ಎಂಟು ಗಂಟೆಗೂ ನಡುರಾತ್ರಿಯೇ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೊತ್ತು ತಪ್ಪುತ್ತದೆ. ಬಂದರು ಹತ್ತಿರವಾದಾಗ ಫೋನು ಅಲ್ಲಿನ ನೆಟ್‌ವರ್ಕ್ ಹಿಡಿದು ಗಡಿಯಾರ ಬದಲಿಸುವುದರಿಂದ ಅದನ್ನೂ ನಂಬುವಂತಿಲ್ಲ. ಒಂದು ಮಾಮೂಲಿ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಇನ್ಸುಲಿನ್ ಇದ್ದರೆ ಇನ್ನೊಂದು ಎಚ್ಚರ: ಅಗ್ಗದ ಕ್ಯಾಬಿನ್‌ಗಳಲ್ಲಿ ಎಷ್ಟೋ ಸಲ ಫ್ರಿಜ್ ಇರುವುದಿಲ್ಲ, ಇದ್ದರೂ ಅದು ನೀರಿನ ಬಾಟಲಿ ತಣ್ಣಗಿಡುವಷ್ಟರದು. ಔಷಧಿಗೆ ಬೇರೆ ಫ್ರಿಜ್ ಬೇಕು ಎಂದು ಬುಕಿಂಗ್ ಮಾಡುವಾಗಲೇ ಬರೆದು ಕೇಳಬೇಕು.

ಆ ಹೊಸ್ತಿಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಡಗು ವಾಲಿದಾಗ ಸ್ನಾನದ ನೀರು ಕೋಣೆಗೆ ಹರಿಯಬಾರದು ಅಂತ ಬಾತ್‌ರೂಮಿನ ಬಾಗಿಲಿಗೆ ಕೆಲವು ಇಂಚು ಎತ್ತರದ ದಿಂಡು ಕೊಟ್ಟಿರುತ್ತಾರೆ. ಹೋಗುವಾಗ ಕಾಲೆತ್ತಿ ದಾಟುತ್ತಾರೆ. ನಿದ್ದೆಗಣ್ಣಿನಲ್ಲಿ ವಾಪಸ್ ಬರುವಾಗ ಒಳಗಿನ ನೆಲದ ಮಟ್ಟ ಬೇರೆ ಎನ್ನುವುದು ಮರೆತಿರುತ್ತದೆ, ಕಾಲು ತಪ್ಪುತ್ತದೆ. ಬ್ಯಾಟರಿಯಿಂದ ನಡೆಯುವ, ಯಾರಾದರೂ ಓಡಾಡಿದಾಗ ತಾನಾಗಿ ಹತ್ತುವ ಸಣ್ಣ ಸೆನ್ಸರ್ ಲೈಟು ಎರಡು ಒಯ್ಯಿರಿ, ಹಿಂದೆ ಅಯಸ್ಕಾಂತ ಇರುವಂಥದ್ದು. ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಉಕ್ಕಿನ ಹಾಳೆ, ಅಂಟಿಸಿದಲ್ಲಿ ನಿಲ್ಲುತ್ತದೆ. ಒಂದನ್ನು ಹೊಸ್ತಿಲ ಹತ್ತಿರ ಕೆಳಮಟ್ಟದಲ್ಲಿ, ಇನ್ನೊಂದನ್ನು ಮಂಚದ ಪಕ್ಕ ಅಂಟಿಸಿ. ಬಹಳಷ್ಟು ಹಡಗುಗಳ ಟೀವಿಯಲ್ಲಿ ಮುಂಭಾಗದ ಕ್ಯಾಮೆರಾದ ಚಾನೆಲ್ ಇರುತ್ತದೆ. ದನಿ ಪೂರ್ತಿ ಇಳಿಸಿ ಅದನ್ನು ಹಾಕಿಟ್ಟು ಮಲಗಿದರೆ ಬೆಳಗಾದದ್ದು ಗೊತ್ತಾಗುತ್ತದೆ.

ಇನ್ನು ಜಾಗ. ಡೆಕ್ ಪ್ಲಾನ್ ನೋಡುವಾಗ ಎಲ್ಲರೂ ತಮ್ಮ ಡೆಕ್ಕನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದು ಮೂರು: ನಿಮ್ಮದು, ಅದರ ಮೇಲಿನದು, ಕೆಳಗಿನದು. ಮೇಲೆ ಈಜುಕೊಳವೋ ಬಫೆಯೋ ಇದ್ದರೆ ನಡುರಾತ್ರಿ ತೊಳೆಯುವ ಸದ್ದು, ನಸುಕಿನಲ್ಲಿ ಕುರ್ಚಿ ಹಾಸುವ ಸದ್ದು. ಕೆಳಗೆ ಥಿಯೇಟರೋ ನೈಟ್ ಕ್ಲಬ್ಬೋ ಇದ್ದರೆ ಹಾಡು ಕೇಳಿಸದಿದ್ದರೂ ಡ್ರಮ್ಮಿನ ಗುದ್ದು ಮಂಚಕ್ಕೆ ತಾಕುತ್ತದೆ. ನಕ್ಷೆಯಲ್ಲಿ ಹೆಸರಿಲ್ಲದೆ ಬಿಳಿಯಾಗಿಯೋ ಬೂದಾಗಿಯೋ ಬಿಟ್ಟ ಜಾಗ ಖಾಲಿ ಜಾಗವಲ್ಲ. ಅಲ್ಲಿ ಅಡುಗೆಮನೆ, ಯಂತ್ರ, ಸಿಬ್ಬಂದಿಯ ದಾರಿ ಯಾವುದಾದರೂ ಇರುತ್ತದೆ, ತಳ್ಳುಗಾಡಿಗಳು ಹಗಲೂ ರಾತ್ರಿ ಓಡಾಡುತ್ತವೆ. ಎರಡು ಕೋಣೆಗಳ ನಡುವೆ ಬಾಗಿಲಿನ ಗುರುತಿದ್ದರೆ ಪಕ್ಕದವರ ಮಾತು, ಕೆಮ್ಮು ಎಲ್ಲ ಕೇಳಿಸುತ್ತದೆ. ಮೇಲೂ ಕೆಳಗೂ ಪಕ್ಕದಲ್ಲೂ ಬರೀ ಕ್ಯಾಬಿನ್‌ಗಳೇ ಇರುವ ಕೋಣೆ ಎಲ್ಲಕ್ಕಿಂತ ನಿಶ್ಶಬ್ದ.

ಮೂತಿಯ ಕಡೆ, ಅದರಲ್ಲೂ ಕೆಳಗಿನ ಡೆಕ್ಕಿನಲ್ಲಿ, ಬಂದರಿಗೆ ಹತ್ತಿರವಾಗುವ ಬೆಳಗಿನ ಜಾವ ಹಡಗನ್ನು ಅಡ್ಡಡ್ಡ ಸರಿಸುವ ಥ್ರಸ್ಟರ್‌ಗಳು ಶುರುವಾಗುತ್ತವೆ. ಲಾರಿಯೊಂದು ಗೋಡೆಯಾಚೆ ಕಲ್ಲು ಸುರಿದ ಹಾಗಿರುತ್ತದೆ. ಲಂಗರು ಬಿಡುವ ಕಡೆಗಳಲ್ಲಿ ಸರಪಳಿಯ ಸದ್ದೂ ಸೇರುತ್ತದೆ. ಹಿಂಭಾಗದಲ್ಲಿ ಸದ್ದಿಗಿಂತ ನಡುಕ ಹೆಚ್ಚು. ಮೇಜಿನ ಮೇಲಿನ ಲೋಟ ಕಿಣಿಕಿಣಿ ಅನ್ನುತ್ತಲೇ ಇರುತ್ತದೆ. ತೊಟ್ಟಿಲಿನ ಹಾಗೆ ಯೋಚಿಸಿ: ತುದಿಗಳು ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ; ಮೇಲೆ ಹೋದಷ್ಟೂ ವಾಲಾಟ ಹೆಚ್ಚು. ಹಾಗಾಗಿ ಘಟ್ಟದ ರಸ್ತೆಯಲ್ಲಿ ವಾಂತಿಯಾಗುವವರಿಗೆ ಹಡಗಿನ ನಡುಭಾಗದ ಕೆಳ ಡೆಕ್ಕೇ ಸರಿ. ಇನ್‌ಸೈಡ್‌ನಲ್ಲಿ ಒಂದು ತೊಂದರೆ ಉಳಿದೇ ಉಳಿಯುತ್ತದೆ. ಒಳಗಿವಿಗೆ ಅಲುಗಾಟ ತಿಳಿಯುತ್ತದೆ, ಕಣ್ಣಿಗೆ ಗೋಡೆ ನಿಂತೇ ಇರುತ್ತದೆ, ಈ ತಾಳ ತಪ್ಪಿದ್ದಕ್ಕೇ ತಲೆ ಸುತ್ತುವುದು. ಬಾಲ್ಕನಿಯವರು ಬಾಗಿಲು ತೆಗೆದು ದಿಗಂತ ನೋಡಿ ಸುಧಾರಿಸಿಕೊಳ್ಳುತ್ತಾರೆ. ನೀವು ಲಿಫ್ಟಿನಲ್ಲಿ ತೆರೆದ ಡೆಕ್ಕಿಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ. ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತರಿಸಿಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಅಳತೆ ಹೇಳುತ್ತೇನೆ. ಇನ್‌ಸೈಡ್ ಕ್ಯಾಬಿನ್ ಸಾಮಾನ್ಯವಾಗಿ 140ರಿಂದ 180 ಚದರಡಿ, ಬಾತ್‌ರೂಮೂ ಸೇರಿ. ಅಂದರೆ ನಮ್ಮ 10×12ರ ಮಲಗುವ ಕೋಣೆಗೆ ಒಂದು ಪುಟ್ಟ ಬಾತ್‌ರೂಮು ಅಂಟಿಸಿದಷ್ಟು. ಇದರಲ್ಲಿ ನಾಲ್ಕು ಜನ, ನಾಲ್ಕು ಸೂಟ್‌ಕೇಸ್. ಮೇಲಿನ ಬರ್ತ್ ಇಳಿಸಿದರೆ ಕೆಳಗಿನವರು ಮಂಚದ ಮೇಲೆ ನೆಟ್ಟಗೆ ಕೂರಲು ಕಷ್ಟ. ಏಣಿ ಇಟ್ಟರೆ ಓಡಾಡುವ ದಾರಿ ಮುಚ್ಚಿತು. ಗಟ್ಟಿ ಪೆಟ್ಟಿಗೆಗಳನ್ನು ಬಿಚ್ಚಿಡಲು ಜಾಗವಿಲ್ಲ. ಮಂಚದ ಕೆಳಗೆ ತೂರಿಸಬಹುದಾದ ಮೆತ್ತನೆ ಬ್ಯಾಗು ಒಯ್ಯುವುದೇ ವಾಸಿ. ಬಾತ್‌ರೂಮಿನಲ್ಲಿ ಒಬ್ಬರು ನಿಲ್ಲುವಷ್ಟು ಶವರ್, ಮೈಗೆ ಅಂಟುವ ಪ್ಲಾಸ್ಟಿಕ್ ಪರದೆ. ಹೊರದೇಶದ ಹೆಚ್ಚಿನ ಹಡಗುಗಳಲ್ಲಿ ಜೆಟ್ ಸ್ಪ್ರೇ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿರಲಿ. ಕಮೋಡ್ ವಿಮಾನದಲ್ಲಿ ಇರುವಂಥದ್ದು, ಗಾಳಿಯಿಂದ ಸೆಳೆಯುತ್ತದೆ. ಟಾಯ್ಲೆಟ್ ಪೇಪರ್ ಬಿಟ್ಟು ಬೇರೇನು ಹಾಕಿದರೂ ಕಟ್ಟಿಕೊಳ್ಳಬಹುದು, ಸಾಲಿನ ಎಷ್ಟೋ ಕೋಣೆಗಳಿಗೆ ಒಟ್ಟಿಗೆ ತೊಂದರೆ.

ಎಕ್ಸ್‌ಟೆನ್ಷನ್ ಬಾಕ್ಸ್, ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆ, ಪುಟ್ಟ ರೈಸ್ ಕುಕ್ಕರ್ ಒಯ್ಯಬೇಡಿ. ಸ್ಕ್ಯಾನಿಂಗ್‌ನಲ್ಲಿ ಹಿಡಿದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಎಕ್ಸ್‌ಟೆನ್ಷನ್ ಬಾಕ್ಸಿನ ವಿಷಯದಲ್ಲಿ ಕಾರಣವೂ ಗಟ್ಟಿಯಾದದ್ದು. ಮನೆಯಲ್ಲಿ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್. ಹಡಗಿನಲ್ಲಿ ಸಾಮಾನ್ಯವಾಗಿ ಎರಡರಲ್ಲೂ ಕರೆಂಟು ಇರುತ್ತದೆ, ಆದ್ದರಿಂದ ಮನೆಗೆಂದು ಮಾಡಿದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏರಿದಾಗ ಕಾಪಾಡುವ ಭಾಗ) ಇದ್ದರೆ ಅದು ಅಲ್ಲಿ ಕಾದು ಬೆಂಕಿ ಹತ್ತಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ನಮ್ಮ ಮೂರು ಪಿನ್ನಿನ ಪ್ಲಗ್ ಹೆಚ್ಚಿನ ಹಡಗುಗಳಲ್ಲಿ ಹೊಂದುವುದಿಲ್ಲ; ಚಪ್ಪಟೆ ಪಿನ್ ಮತ್ತು ದುಂಡು ಪಿನ್ ಎರಡಕ್ಕೂ ಆಗುವ ಅಡಾಪ್ಟರ್, ನಾಲ್ಕು ಯುಎಸ್‌ಬಿ ಕಿಂಡಿಯ ಚಾರ್ಜರ್ ಸಾಕು.

ದರದ ಲೆಕ್ಕ ಪೂರ್ತಿ ಹಾಕಿ. ಜಾಹೀರಾತಿನ ದರ ಒಬ್ಬರಿಗೆ, ಅದೂ ಇಬ್ಬರು ಕೋಣೆ ಹಂಚಿಕೊಂಡಾಗ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಬಂದರು ತೆರಿಗೆ ಬೇರೆ. ಸಿಬ್ಬಂದಿಯ ಟಿಪ್ಸ್ ಎಂದು ದಿನಕ್ಕೆ ತಲಾ 16ರಿಂದ 20 ಡಾಲರ್ ಹಾಕುವ ಕಂಪನಿಗಳಿವೆ. 18 ಅಂತ ಹಿಡಿದರೂ ನಾಲ್ವರಿಗೆ ನಾಲ್ಕು ರಾತ್ರಿಗೆ 288 ಡಾಲರ್. ಆಮೇಲೆ “ನಿಮ್ಮ ಕೋಣೆ ಮೇಲ್ದರ್ಜೆಗೆ ಏರಿಸಲು ಬಿಡ್ ಹಾಕಿ” ಎಂಬ ಮೇಲ್ ಬರುತ್ತದೆ. ಅಲ್ಲಿ ತೋರಿಸುವ ಮೊತ್ತ ಸಾಮಾನ್ಯವಾಗಿ ತಲಾ ಒಬ್ಬರದು, ಕೋಣೆಯದಲ್ಲ. ಬಿಡ್ಡನ್ನು ಕಂಪನಿ ಒಪ್ಪಿದರೆ ಕಾರ್ಡಿನಿಂದ ಹೋದ ದುಡ್ಡು ವಾಪಸ್ ಇಲ್ಲ, ಹೊಸ ಕೋಣೆಯ ಜಾಗವೂ ನಿಮ್ಮ ಆಯ್ಕೆಯಲ್ಲ. ಬಾಲ್ಕನಿ ಸಿಕ್ಕಿತೆಂದು ಹಿಗ್ಗಿ ಹೋದರೆ ಅದೇ ಮೂತಿಯ ತುದಿ.

ಬಹಳ ಜನ ಯೋಚಿಸದ ಇನ್ನೊಂದು ಇದೆ. ವಾಂತಿಭೇದಿ ಹಬ್ಬಿದರೆ ಹಡಗಿನ ವೈದ್ಯರು ಎರಡು ದಿನ ಕೋಣೆಯಿಂದ ಹೊರಗೆ ಬರಬೇಡಿ ಅನ್ನಬಹುದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೋವಿಡ್‌ನಿಂದ ಎರಡು ವಾರ ತಡೆದಿಟ್ಟಾಗ ಒಳಗೆ ಸುಮಾರು 3,700 ಜನರಿದ್ದರು. ಬಾಲ್ಕನಿಯವರಿಗೆ ಗಾಳಿ, ಬಿಸಿಲು ಕೋಣೆಯಲ್ಲೇ ಇತ್ತು. ಇನ್‌ಸೈಡ್‌ನವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಡುತ್ತಿದ್ದರು. 2013ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಕರೆಂಟು ಹೋದಾಗ ಜನ ಹಾಸಿಗೆ ಎಳೆದುಕೊಂಡು ಹೋಗಿ ಡೆಕ್ಕಿನ ಮೇಲೆ ಮಲಗಿದ್ದರು. ಇಂಥದ್ದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಉಬ್ಬಸ ಇರುವವರು, ಮುಚ್ಚಿದ ಕೋಣೆಯಲ್ಲಿ ಎದೆ ಬಿಗಿಯುವವರು ಇದ್ದರೆ ಮಾತ್ರ ಇನ್‌ಸೈಡ್ ಬೇಡವೇ ಬೇಡ.

ಅಗ್ಗದಲ್ಲೇ ಹೋಗಬೇಕು ಎಂದಾದರೆ ದಾರಿ ಇದೆ. ಗ್ಯಾರಂಟಿ ಬಿಟ್ಟು, ನಂಬರು ನೀವೇ ಆರಿಸುವ ಇನ್‌ಸೈಡ್ ದರ ಕೇಳಿ. ನಾಲ್ವರಿಗೆ ಒಂದು ಕ್ಯಾಬಿನ್ನಿನ ಒಟ್ಟು ಮೊತ್ತ, ಅಕ್ಕಪಕ್ಕದ ಎರಡು ಕ್ಯಾಬಿನ್ನಿನ ಒಟ್ಟು ಮೊತ್ತ, ಎರಡನ್ನೂ ಏಜೆಂಟರಿಂದ ಬರೆಸಿಕೊಂಡು ಹೋಲಿಸಿ. ಒಂದೇ ಕ್ಯಾಬಿನ್ನಿನಲ್ಲಿ ಮೂರನೆಯ, ನಾಲ್ಕನೆಯವರ ದರ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಎರಡು ಕ್ಯಾಬಿನ್ ಹೆಚ್ಚಾಗಿ ದುಬಾರಿಯೇ ಆಗುತ್ತದೆ, ಆದರೂ ಒಂದು ಬಾಲ್ಕನಿ ಕೋಣೆಯಲ್ಲಿ ನಾಲ್ವರು ಇಕ್ಕಟ್ಟಾಗಿ ಇರುವುದಕ್ಕಿಂತ ಎರಡು ಇನ್‌ಸೈಡ್ ಎಷ್ಟೋ ವಾಸಿ: ಎರಡು ಬಾತ್‌ರೂಮು, ಎಲ್ಲರಿಗೂ ಕೆಳಗಿನ ಮಂಚ. ರಾಯಲ್ ಕೆರಿಬಿಯನ್ ಕಂಪನಿಯ ವಾಯೇಜರ್ ದರ್ಜೆಯ ಹಡಗುಗಳಲ್ಲಿ ನಡುವಿನ ಅಂಗಡಿಬೀದಿಗೆ ಕಿಟಕಿ ಇರುವ ಒಳಕೋಣೆಗಳೂ ಇವೆ. ಸಮುದ್ರ ಕಾಣದು, ಬೆಳಕು ಬರುತ್ತದೆ. ಬೀದಿಯಲ್ಲಿ ರಾತ್ರಿ ಮೆರವಣಿಗೆ ಇದ್ದರೆ ಸದ್ದೂ ಬರುತ್ತದೆ.

ಈಗಾಗಲೇ ಗ್ಯಾರಂಟಿ ತೆಗೆದುಕೊಂಡಿದ್ದರೆ, ಹಡಗು ಹತ್ತಿದ ಮೊದಲ ಗಂಟೆಯಲ್ಲಿ ಕೋಣೆ ನೋಡಿ. ಚರಂಡಿ ವಾಸನೆ ಬಂದರೆ ಬಾತ್‌ರೂಮಿನ ನೆಲದ ಜಾಲರಿಯೊಳಗೆ ಒಂದೆರಡು ಲೋಟ ನೀರು ಸುರಿಯಿರಿ. ಕೆಳಗಿನ ಬಾಗು ಕೊಳವೆಯಲ್ಲಿ ನೀರು ಒಣಗಿದ್ದರೆ ವಾಸನೆ ಮೇಲೆ ಬರುತ್ತದೆ, ನೀರು ಸುರಿದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಯಾಬಿನ್ ನೋಡಿಕೊಳ್ಳುವವರಿಗೆ ಹೇಳಿ. ಏಣಿ ಹತ್ತಲಾಗದವರು ಇದ್ದಾರೆ ಎಂದು ರಿಸೆಪ್ಷನ್‌ನಲ್ಲಿ ಆಗಲೇ ಬರೆಸಿ. ಹಡಗು ಹೊರಟ ಮೇಲೆ ಮತ್ತೊಮ್ಮೆ ಹೋಗಿ ಕೇಳಿ. ಬುಕ್ ಮಾಡಿಯೂ ಬಾರದವರ ಕೋಣೆಗಳು ಯಾವುವು ಎನ್ನುವುದು ಅವರಿಗೆ ಖಚಿತವಾಗುವುದು ಆಗಲೇ. ಕೊಟ್ಟೇ ಕೊಡುತ್ತಾರೆ ಎಂದಿಲ್ಲ, ಆದರೆ ಮಧ್ಯಾಹ್ನವೇ ಹೆಸರು ಬರೆಸಿದವರನ್ನು ಮೊದಲು ನೆನೆಯುತ್ತಾರೆ.